ಟೈರು ಬದಲಾಯ್ತು, ನೊಗ ಬದಲಾಗಲಿಲ್ಲ

ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರು ನಾವು ಒಂದಷ್ಟು ಜನ ಈ ಸಂಘದಲ್ಲಿದ್ದೀವಿ. ಹಾಸ್ಟೆಲ್‌ನಲ್ಲಿ ನಮ್ಮನ್ನು ‘ಅಮೃತಮಹಲ್ ಬ್ಯಾಚು’ ಅಂತ ಕರೀತಾರೆ. ಕರೆಯೋರು ತಮಾಷೆಗೆ ಕರೀತಾರೆ, ನಮಗೆ ಮಾತ್ರ ಅದು ಬಿರುದಿನ ಹಾಗೆ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಮುಂದೆ ಬಸ್ಸು ಹೋಗುವಾಗ ಕಿಟಕಿಯಿಂದ ಆ ಉದ್ದ ಕೊಂಬಿನ ಬೂದು ದನಗಳನ್ನು ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ಈ ಸಲದ ಸಂಚಿಕೆಗೆ ಎತ್ತಿನ ಬಗ್ಗೆ ಬರೆಯೋ ಹಕ್ಕು ನಮಗೇ ಇದೆ ಅಂತ ಜಗಳ ಮಾಡಿ ಪುಟ ತಗೊಂಡಿದ್ದೀವಿ.

ವಿಷಯಕ್ಕೆ ಬರೋಣ. ಈ ವರ್ಷ ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ಒಂದು ತಂಡ ‘ಮೋಟಾರ್ ನೆರವಿನ ಎತ್ತಿನ ಗಾಡಿ’ ಅಂತ ಹಾಕಿತ್ತು. ಒಳ್ಳೇ ಯೋಚನೆ, ನಾವು ಚಪ್ಪಾಳೆ ಹೊಡೆದೆವು. ಚಿತ್ರದಲ್ಲಿ ಚಕ್ರ ಇತ್ತು, ಹಬ್ ಇತ್ತು, ಬೇರಿಂಗ್ ನಂಬರ್ ಸಮೇತ ಇತ್ತು, ಬ್ಯಾಟರಿ ಎಲ್ಲಿ ಕೂರುತ್ತೆ ಅಂತಲೂ ಇತ್ತು. ಎತ್ತು ಎಲ್ಲಿ ಅಂತ ಹುಡುಕಿದರೆ ಒಂದು ಬಾಣದ ಗುರುತು, ಅದರ ತುದಿಯಲ್ಲಿ ‘ಎಫ್’ ಅಂತ ಒಂದು ಅಕ್ಷರ. ಎಳೆಯುವ ಬಲ ಅಷ್ಟೇ. ಆ ಬಲ ಯಾವ ಚರ್ಮದ ಮೇಲೆ ಕೂತು, ಎಷ್ಟು ಅಗಲದ ಜಾಗದಿಂದ, ಯಾವ ದಿಕ್ಕಿಗೆ ಬರುತ್ತೆ ಅನ್ನೋದು ಯಾರ ತಲೆಗೂ ಹೋಗಿರಲಿಲ್ಲ. ಆ ತಂಡವನ್ನೊಂದೇ ಬೈಯುವುದು ನ್ಯಾಯ ಅಲ್ಲ. ಗಾಡಿ ಸುಧಾರಣೆ ಅಂದ ಕೂಡಲೇ ನಮ್ಮ ದೇಶದಲ್ಲಿ ಎಲ್ಲರೂ ಮೊದಲು ಚಕ್ರದ ಹತ್ತಿರವೇ ಹೋಗಿ ಕೂತಿದ್ದಾರೆ.

ನಮ್ಮ ವಾದ ಇಷ್ಟು: ಗಾಡಿಯಲ್ಲಿ ಮೊದಲು ವಿನ್ಯಾಸ ಮಾಡಬೇಕಾದ ಭಾಗ ನೊಗ ಮತ್ತು ಜತ್ತಿಗೆ. ಮರ ಮತ್ತು ಹೆಗಲು ಸೇರುವ ಜಾಗ ಅದು. ಅದು ಸರಿ ಇಲ್ಲದೆ ಚಕ್ರ ಎಷ್ಟು ನುಣುಪಾದರೂ ಎತ್ತಿಗೆ ಅನುಕೂಲಕ್ಕಿಂತ ಅನಾನುಕೂಲವೇ ಜಾಸ್ತಿ ಆಗಬಹುದು.

ಇದನ್ನು ಕಾಯ್ದೆಯ ಪುಸ್ತಕವೇ ತೋರಿಸಿಕೊಡುತ್ತೆ. ಭಾರ ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1965ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಮಾಡಿತು. ಅದರಲ್ಲಿ ಮಧ್ಯಮ ಗಾತ್ರದ ಎತ್ತಿನ ಎರಡು ಚಕ್ರದ ಗಾಡಿಗೆ ಗಾಳಿ ಟೈರು ಇಲ್ಲದಿದ್ದರೆ 700 ಕೆಜಿ, ಗಾಳಿ ಟೈರು ಇದ್ದರೆ 1050 ಕೆಜಿ, ಬಾಲ್ ಬೇರಿಂಗ್ ಇದ್ದರೆ 1400 ಕೆಜಿ ಅಂತ ಮಿತಿ ಇದೆ. ಅಂದರೆ ಚಕ್ರ ಸುಧಾರಿಸಿದ ಕೂಡಲೇ ಹೊರೆ ಎರಡು ಪಟ್ಟು ಹಾಕಬಹುದು. ಎತ್ತು ಅದೇ, ಹೆಗಲು ಅದೇ, ನೊಗ ಅದೇ.

ಸಮತಟ್ಟು ರಸ್ತೆಯಲ್ಲಿ ಈ ಲೆಕ್ಕ ಸರಿ. ಬೀರೂರಿನಿಂದ ಕಡೂರಿಗೆ ಹೋಗೋ ಹಾಗೆ ನೆಲ ಚಪ್ಪಟೆ ಇದ್ದರೆ, ಟೈರಿನ ಉರುಳು ಪ್ರತಿರೋಧ ಕಡಿಮೆಯಾದಷ್ಟೂ ಎಳೆತ ಕಡಿಮೆ. ಏರು ಬಂದರೆ? ಇಪ್ಪತ್ತಕ್ಕೆ ಒಂದರ ಇಳಿಜಾರು, ಅಂದರೆ ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರು, ನಮ್ಮ ಕಡೆ ಕೆರೆ ಏರಿ ಹತ್ತುವಾಗ ಸಾಮಾನ್ಯ. ಅಲ್ಲಿ ಗುರುತ್ವ ಕೇಳುವ ಪಾಲು ತೂಕದ ಶೇ. 5. ಅದಕ್ಕೆ ಬೇರಿಂಗ್ ಪರಿಚಯವೇ ಇಲ್ಲ. 700 ಕೆಜಿಗೆ 35 ಕೆಜಿ ಹೆಚ್ಚುವರಿ ಎಳೆತ, 1400 ಕೆಜಿಗೆ 70 ಕೆಜಿ. ನಿಯಮದಲ್ಲಿ ಏರಿಗೆ ರಿಯಾಯಿತಿ ಇದೆ: ಮೂವತ್ತು ಮೀಟರಿಗೆ ಮೂರು ಮೀಟರಿಗಿಂತ ಹೆಚ್ಚಿನ ಏರು ಒಂದು ಕಿಲೋಮೀಟರ್ ಉದ್ದಕ್ಕೆ ಇದ್ದರೆ ಹೊರೆ ಅರ್ಧ ಮಾಡಬೇಕು. ಕೆರೆ ಏರಿ ಒಂದು ಕಿಲೋಮೀಟರ್ ಇರೋದಿಲ್ಲವಲ್ಲ!

ಅದೇ ನಿಯಮಗಳಲ್ಲಿ ಕುದುರೆಗೆ ಜೀನು ಹಾಕುವ ಬಗ್ಗೆ ಒಂದು ಸಾಲಿದೆ. ಜೀನು ನೇರವಾಗಿ ಕುದುರೆಯ ಹೆಗಲಿನ ದಿಬ್ಬದ ಮೇಲೆ ಕೂರಬಾರದು, ಜೀನಿನ ಕಮಾನಿಗೂ ಆ ದಿಬ್ಬಕ್ಕೂ ನಡುವೆ ಸಾಕಷ್ಟು ಜಾಗ ಇರಬೇಕು ಅಂತ. ಯಾರೋ ಜೀನಿನ ಒಳಗೆ ಕೈ ಹಾಕಿ ನೋಡಿದವರು ಬರೆದ ಸಾಲು ಅದು, ಓದಿದರೆ ಗೊತ್ತಾಗುತ್ತೆ. ಎತ್ತಿನ ವಿಷಯಕ್ಕೆ ಬಂದರೆ ಕೆಜಿ ಲೆಕ್ಕ ಇದೆ, ಗಂಟೆ ಲೆಕ್ಕ ಇದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಬೇಡ, ಬಿಡುವಿಲ್ಲದೆ ಐದು ಗಂಟೆ ಮೀರಬಾರದು, 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಎಲ್ಲ ಸರಿಯೇ. ನೊಗದ ಅಡಿಭಾಗ ಹೇಗಿರಬೇಕು ಅನ್ನೋದಕ್ಕೆ ಜೀನಿನ ಸಾಲಿನಂಥ ಒಂದು ಸಾಲಿಲ್ಲ.

ಕುದುರೆ ಜೀನಿನ ಮಾತು ಬಂತು, ಸ್ವಲ್ಪ ಅಲ್ಲೇ ನಿಲ್ಲೋಣ. ಅಮೆರಿಕದ ದನಗಾಹಿಗಳ ವೆಸ್ಟರ್ನ್ ಸ್ಯಾಡಲ್ ಇದೆಯಲ್ಲ, ಸಿನಿಮಾದಲ್ಲಿ ನೋಡಿರ್ತೀರಿ, ಮುಂದೆ ಒಂದು ಕೊಂಬಿನಂಥ ಗುಬಟು ಇರುತ್ತೆ. ಅದರ ಹೊಟ್ಟೆಪಟ್ಟಿಯನ್ನು ಜೀನಿನ ಯಾವ ಜಾಗಕ್ಕೆ ಕಟ್ಟಬೇಕು ಅನ್ನೋದರ ಮೇಲೆ ಅಲ್ಲಿ ದೊಡ್ಡ ಚರ್ಚೆಯೇ ಇದೆ, ಅದಕ್ಕೆ ರಿಗ್ಗಿಂಗ್ ಅಂತಾರೆ. ಪಟ್ಟಿಯ ಬಳೆ ಮುಂಗೊಂಬಿನ ನೇರ ಕೆಳಗೆ ಇದ್ದರೆ ‘ಫುಲ್’, ಸ್ವಲ್ಪ ಹಿಂದೆ ಸರಿದರೆ ‘ಏಳೆಂಟಾಂಶ’, ಇನ್ನೂ ಹಿಂದಕ್ಕೆ ‘ಮುಕ್ಕಾಲು’, ನಡುಮಧ್ಯೆ ಇದ್ದರೆ ‘ಸೆಂಟರ್ ಫೈರ್’. ತೀರಾ ಮುಂದೆ ಕಟ್ಟಿದರೆ ಪಟ್ಟಿ ಮುಂಗಾಲಿನ ಹಿಂದೆ, ಮೊಣಕೈ ಹತ್ತಿರ ಉಜ್ಜಿ ಗಾಯ ಮಾಡುತ್ತೆ. ಹಿಂದೆ ಸರಿಸಿದರೆ ಆ ಜಾಗ ಬಿಡುವಾಗುತ್ತೆ, ಜೀನಿನ ಚೌಕಟ್ಟು ಹಿಂದೆಮುಂದೆ ಸಮನಾಗಿ ಕೂರುತ್ತೆ. ಆದರೆ ಹಗ್ಗ ಬೀಸಿ ಹಿಡಿದ ಹೋರಿ ಮುಂದಿನ ಕೊಂಬನ್ನು ಜಗ್ಗಿದಾಗ ಒಂದೇ ಪಟ್ಟಿಯ ಜೀನು ಹಿಂಭಾಗ ಎತ್ತಿಕೊಂಡು ಮಗುಚಲು ನೋಡುತ್ತೆ. ಟೆಕ್ಸಾಸಿನವರು ಹಗ್ಗವನ್ನು ಕೊಂಬಿಗೆ ಗಂಟು ಹಾಕಿ ಕಟ್ಟುತ್ತಿದ್ದರು, ಅದಕ್ಕೇ ಹಿಂದೆ ಎರಡನೇ ಪಟ್ಟಿ ಹಾಕಿಕೊಂಡರು. ಕ್ಯಾಲಿಫೋರ್ನಿಯಾದವರು ಹಗ್ಗವನ್ನು ಕೊಂಬಿಗೆ ಸುತ್ತಿ ಬೇಕಾದಷ್ಟು ಜಾರಲು ಬಿಡುತ್ತಿದ್ದರು, ಅವರಿಗೆ ನಡುವಿನ ಒಂದೇ ಪಟ್ಟಿ ಸಾಕಾಯ್ತು. ಕೆಲಸ ಯಾವುದು, ಪ್ರಾಣಿಯ ಮೈ ಎಂಥದು ಅಂತ ನೋಡಿ ಪಟ್ಟಿ ಎಲ್ಲಿ ಕಟ್ಟಬೇಕು ಅನ್ನೋದನ್ನು ಅಂಗುಲದ ಲೆಕ್ಕದಲ್ಲಿ ಯೋಚಿಸಿದ್ದಾರೆ. ಜೀನು ಮಾರುವ ಅಂಗಡಿಯವನೂ ಅದನ್ನು ವಿವರಿಸಬಲ್ಲ.

ನಮ್ಮ ಜತ್ತಿಗೆಯ ಬಗ್ಗೆ ಹೀಗೆ ಬರೆದದ್ದು ಕನ್ನಡದಲ್ಲಿ ಎಷ್ಟು ಸಿಗುತ್ತೆ ಹೇಳಿ. ಹಳೇ ಯಜಮಾನರಿಗೆ ಗೊತ್ತು. ಗೊತ್ತಿರೋದು ಅವರ ಕೈಯಲ್ಲಿದೆ, ಕಾಗದದಲ್ಲಿಲ್ಲ.

ಗಾಡಿಯಲ್ಲಿ ರಿಗ್ಗಿಂಗ್‌ಗೆ ಸರಿಸಮನಾದ ಪ್ರಶ್ನೆ ‘ಮುಂಭಾರ–ಹಿಂಭಾರ’ದ ಪ್ರಶ್ನೆ. ಮನೆಯಲ್ಲಿ ಎತ್ತು ಇದ್ದವರಿಗೆಲ್ಲ ಈ ಎರಡು ಪದ ಗೊತ್ತು. ಗಾಡಿಗೆ ಹೊರೆ ಹೇರುವಾಗ ಅಚ್ಚಿನ ಮುಂದೆ ಜಾಸ್ತಿ ಆದರೆ ಮುಂಭಾರ, ನೊಗ ಹೆಗಲನ್ನು ಒತ್ತುತ್ತೆ. ಅಚ್ಚಿನ ಹಿಂದೆ ಜಾಸ್ತಿ ಆದರೆ ಹಿಂಭಾರ, ನೊಗ ಮೇಲೇಳುತ್ತೆ, ಜತ್ತಿಗೆ ಕೆಳಗಿನಿಂದ ಕೊರಳನ್ನು ಬಿಗಿಯುತ್ತೆ. ಫಸ್ಟ್ ಸೆಮಿಸ್ಟರಿನ ಮೆಕ್ಯಾನಿಕ್ಸ್ ಸಾಕು ಇದಕ್ಕೆ. ಗಾಡಿ, ಹೊರೆ ಎಲ್ಲ ಸೇರಿ 800 ಕೆಜಿ ಅಂತಿಟ್ಟುಕೊಳ್ಳಿ. ಅಚ್ಚಿನಿಂದ ನೊಗಕ್ಕೆ ಮೂಕಿಯ ಉದ್ದ 3 ಮೀಟರ್. ಭಾರಕೇಂದ್ರ ಅಚ್ಚಿಗಿಂತ 10 ಸೆಂಟಿಮೀಟರ್ ಮುಂದೆ. ಆಗ ನೊಗದ ಮೇಲೆ ಬೀಳೋದು 800 ಗುಣಿಸು 10, ಭಾಗಿಸು 300, ಅಂದರೆ ಸುಮಾರು 27 ಕೆಜಿ. ಎರಡು ಹೆಗಲಿಗೆ ತಲಾ ಹದಿಮೂರೂವರೆ. ಪರವಾಗಿಲ್ಲ.

ಈಗ ಹೊರೆ ಎತ್ತರಕ್ಕೆ ಹೋಯ್ತು ಅನ್ನಿ. ರಾಗಿ ಹುಲ್ಲು ಹೇರಿದ ಗಾಡಿ ನೋಡಿದ್ದೀರಲ್ಲ, ಮನೆ ಮನೆ ಥರ ಇರುತ್ತೆ. ಭಾರಕೇಂದ್ರ ಅಚ್ಚಿಗಿಂತ 60 ಸೆಂಟಿಮೀಟರ್ ಮೇಲಿದ್ದರೆ, ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಅದು 6 ಸೆಂಟಿಮೀಟರ್ ಮುಂದಕ್ಕೆ ಸರಿದಂತೆ ಆಗುತ್ತೆ. ಇಳಿಯುವಾಗ 27 ಇದ್ದದ್ದು 43 ಕೆಜಿ ಆಗುತ್ತೆ. ಹತ್ತುವಾಗ 11ಕ್ಕೆ ಇಳಿಯುತ್ತೆ. ಹೇರುವವನು ಎತ್ತಿನ ಹೆಗಲಿಗೆ ಹಗುರ ಆಗಲಿ ಅಂತ ಒಳ್ಳೇ ಮನಸ್ಸಿನಿಂದ ಹೊರೆಯನ್ನು ಹಿಂದಕ್ಕೆ ಸರಿಸಿ ಭಾರಕೇಂದ್ರವನ್ನು ಅಚ್ಚಿನಿಂದ 5 ಸೆಂಟಿಮೀಟರಿಗೆ ತಂದಿದ್ದರೆ? ಸಮತಟ್ಟಿನಲ್ಲಿ ಸುಖ. ಅದೇ ಏರು ಸಿಕ್ಕಿದ ಕೂಡಲೇ ಭಾರಕೇಂದ್ರ ಅಚ್ಚಿನ ಹಿಂದೆ ಹೋಯ್ತು, ನೊಗ ಎದ್ದಿತು, ಜತ್ತಿಗೆ ಕೊರಳಿಗೆ ಬಿತ್ತು. ಅತಿ ಹೆಚ್ಚು ಗಾಳಿ ಬೇಕಾದ ಹೊತ್ತಿನಲ್ಲಿ ಎತ್ತಿನ ಗಂಟಲು ಹಿಡಿದಂತೆ. ಅದಕ್ಕೇ ನಮ್ಮೂರುಗಳಲ್ಲಿ ಏರು ಬಂದಾಗ ಗಾಡಿ ಮೇಲಿದ್ದವರು ಒಬ್ಬರೋ ಇಬ್ಬರೋ ಜಿಗಿದು ಮೂಕಿಯ ಬುಡಕ್ಕೆ ಬಂದು ಕೂರ್ತಾರೆ. ಅವರು ಮೊಮೆಂಟ್ ಲೆಕ್ಕ ಹಾಕಿಲ್ಲ, ಎತ್ತಿನ ಉಸಿರು ಕೇಳಿಸಿಕೊಂಡಿದ್ದಾರೆ.

ಇದನ್ನು ಓದುವವರು ಯಾರಾದರೂ ಅಂತರಘಟ್ಟೆ ಜಾತ್ರೆಗೆ ಹೋಗಿದ್ದರೆ ಪಾನಕದ ಗಾಡಿ ನೆನಪಾಗಬೇಕು. ಫೆಬ್ರವರಿ ಸುಮಾರಿಗೆ ತರೀಕೆರೆ, ಭದ್ರಾವತಿ, ಶಿವಮೊಗ್ಗ ಕಡೆಯಿಂದೆಲ್ಲ ದುರ್ಗಾಂಬೆಗೆ ಹರಕೆ ಹೊತ್ತ ಗಾಡಿಗಳು ಬರ್ತವೆ. ಅಲ್ಲಿ ಹೊರೆ ಹಗುರ, ವೇಗ ಜಾಸ್ತಿ, ಗಾಡಿಯಲ್ಲಿ ಜನ. ಜನ ಅನ್ನೋದು ಹುಲ್ಲಿನ ಹೊರೆಗಿಂತ ಕಷ್ಟದ ಹೊರೆ, ಯಾಕಂದ್ರೆ ಸುಮ್ಮನೆ ಕೂರಲ್ಲ. ಇಬ್ಬರು ಹುಡುಗರು ಹಿಂದಿನ ಹಲಗೆ ಮೇಲೆ ನಿಂತು ಶಿಳ್ಳೆ ಹೊಡೆದರೆ ಸಾಕು, ಗಾಡಿ ಹಿಂಭಾರ. ಓಡುವ ಎತ್ತಿನ ಕೊರಳಿಗೆ ಜತ್ತಿಗೆ ಪ್ರತಿ ಹೆಜ್ಜೆಗೂ ಜಗ್ಗುತ್ತೆ. ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟು 2017ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದಿತು, ಕಂಬಳ, ಜಲ್ಲಿಕಟ್ಟಿನ ಜೊತೆಗೆ ಅದನ್ನೂ ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಆ ಹೊತ್ತಲ್ಲಿ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಎರಡು ಬಣ ಆದವು: ಸಂಪ್ರದಾಯ ಬೇಕು ಅನ್ನೋರು, ಹಿಂಸೆ ನಿಲ್ಲಲಿ ಅನ್ನೋರು. ಬಾರುಕೋಲಿನ ಬಗ್ಗೆ ಎರಡೂ ಬಣ ಮಾತಾಡಿತು. ಜತ್ತಿಗೆ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಓಟ ಇರಲಿ ಅನ್ನುವವರೇ ಮೊದಲು ಜತ್ತಿಗೆಯ ಅಗಲ, ಜನ ಕೂರುವ ಜಾಗ ಇವೆರಡಕ್ಕೆ ನಿಯಮ ಮಾಡಿಕೊಳ್ಳಬೇಕು ಅಂತ ನಾವು ಹೇಳ್ತೀವಿ. ಮೂರು ಬೆರಳಿನಷ್ಟಾದರೂ ಅಗಲದ ಪಟ್ಟಿ, ಹಿಂದಿನ ಹಲಗೆ ಮೇಲೆ ನಿಲ್ಲೋ ಹಾಗಿಲ್ಲ. ಖರ್ಚೇ ಇಲ್ಲದ ಕೆಲಸ.

ಹೆಗಲಿನ ಲೆಕ್ಕಕ್ಕೆ ಬರೋಣ, ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಎತ್ತು ಬಿಡದೆ ಕೆಲಸ ಮಾಡುವಾಗ ತನ್ನ ಮೈತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲದಿಂದ ಎಳೆಯುತ್ತೆ ಅನ್ನೋದು ಒಪ್ಪಿತ ಅಂದಾಜು. 400 ಕೆಜಿ ಎತ್ತಿಗೆ 40 ಕೆಜಿ. ನೊಗದ ಅಡಿ ದುಂಡಗಿದ್ದರೆ, ಅಂದರೆ ಮರದ ಕೊಂಬೆ ಕಡಿದು ಸಿಪ್ಪೆ ತೆಗೆದು ಹಾಗೇ ಇಟ್ಟಿದ್ದರೆ, ಅದು ಹಿಣಿಲಿನ ಮುಂದೆ ಒಂದು ಸಣ್ಣ ಗೆರೆಯಲ್ಲಿ ಮಾತ್ರ ತಾಗುತ್ತೆ. 15 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ ಅಂತಿಟ್ಟುಕೊಂಡರೆ 45 ಚದರ ಸೆಂಟಿಮೀಟರ್. ಒತ್ತಡ ಚದರ ಸೆಂಟಿಮೀಟರಿಗೆ 0.9 ಕೆಜಿ ಹತ್ತಿರ. ಆಸ್ಪತ್ರೆಯ ಭಾಷೆಯಲ್ಲಿ ಹೇಳಿದರೆ ಸುಮಾರು 650 ಮಿಲಿಮೀಟರ್ ಪಾದರಸ. ಡಾಕ್ಟರು ಬಿಪಿ ನೋಡುವಾಗ ತೋಳಿನ ಪಟ್ಟಿಯನ್ನು 160, 180ಕ್ಕೆ ಏರಿಸಿದರೇ ಕೈ ಜೋಮು ಹಿಡಿಯುತ್ತೆ. ಹಾಸಿಗೆ ಹಿಡಿದ ರೋಗಿಗಳಿಗೆ ಹುಣ್ಣು ಆಗೋದನ್ನು ವಿವರಿಸುವಾಗ ವೈದ್ಯರು ಹೇಳೋ ಸಂಖ್ಯೆ ಇನ್ನೂ ಕಡಿಮೆ, 32. ಅದರ ಮೇಲೆ ಹೊತ್ತುಗಟ್ಟಲೆ ಒತ್ತಿದರೆ ಚರ್ಮದ ಸಣ್ಣ ರಕ್ತನಾಳ ಮುಚ್ಚಿಕೊಳ್ತವೆ.

ಅದೇ ನೊಗದ ಅಡಿಯನ್ನು ಹೆಗಲಿನ ಆಕಾರಕ್ಕೆ ಕೆತ್ತಿ, ಅಗಲ ಮಾಡಿ, ತಾಗುವ ಜಾಗವನ್ನು 200 ಚದರ ಸೆಂಟಿಮೀಟರಿಗೆ ತಂದರೆ ಒತ್ತಡ 147 ಮಿಲಿಮೀಟರಿಗೆ ಇಳಿಯುತ್ತೆ. ನಾಲ್ಕೂಕಾಲು, ನಾಲ್ಕೂವರೆ ಪಟ್ಟು ಕಡಿಮೆ. ಗಮನಿಸಿ, ಆದರೂ ಅದು 32ಕ್ಕಿಂತ ಎಷ್ಟೋ ಮೇಲೆ. ಅಂದರೆ ಎಷ್ಟೇ ಒಳ್ಳೇ ನೊಗ ಮಾಡಿದರೂ ಬಿಡುವು ಕೊಡಲೇಬೇಕು. ಸಾಲಿನ ಕೊನೆಗೆ ನೇಗಿಲು ತಿರುಗಿಸುವಾಗ ಅರೆಗಳಿಗೆ ನಿಲ್ಲೋದು, ನೊಗ ಸ್ವಲ್ಪ ಎತ್ತಿ ಹೆಗಲು ಸವರೋದು ಸೋಮಾರಿತನ ಅಲ್ಲ, ರಕ್ತ ವಾಪಸ್ ಬರೋಕೆ ಕೊಡುವ ಸಮಯ. ಮೇಲಿನ ಲೆಕ್ಕದ ಅಳತೆಗಳು ನಾವು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ಮನೆಯ ನೊಗ ಅಳೆದು ನೀವೇ ಹಾಕಿ ನೋಡಿ.

ಮೆತ್ತೆ ಸುತ್ತಿದರೆ ಆಯ್ತಲ್ಲ ಅಂತ ಕೆಲವರು ಹೇಳ್ತಾರೆ. ಗೋಣಿಚೀಲ ಸುತ್ತೋದು ಎಲ್ಲೆಡೆ ಇದೆ. ಒಣಗಿದ್ದಾಗ ಪರವಾಗಿಲ್ಲ. ಬೆವರು, ಮಳೆ, ಕೆಸರು ಕುಡಿದ ಗೋಣಿ ಒಣಗಿದ ಮೇಲೆ ಉಪ್ಪುಕಾಗದದ ಥರ ಆಗುತ್ತೆ. ಅಜ್ಜಂಪುರದ ಹತ್ತಿರದ ಒಬ್ಬ ಬಡಗಿ ಆಚಾರ್ರನ್ನು ನಾವು ಈ ಬಗ್ಗೆ ಕೇಳಿದ್ದೆವು. ಅವರು ನಕ್ಕು, “ಮೆತ್ತೆ ಕೇಳೋ ನೊಗ ನೊಗವೇ ಅಲ್ಲ ಕಣ್ರಪ್ಪ. ಎತ್ತನ್ನ ಹಿಡ್ಕೊಂಡ್ ಬನ್ನಿ, ಹೆಗಲು ನೋಡಿ ಕೆತ್ತಿ ಕೊಡ್ತೀನಿ” ಅಂದರು. ಎಷ್ಟು ವರ್ಷದಿಂದ ಎತ್ತು ಹಿಡ್ಕೊಂಡು ಬಂದು ನೊಗ ಕೆತ್ತಿಸಿಕೊಂಡವರು ಇಲ್ಲ ಅಂತ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಬಾಗಿಲು ಚೌಕಟ್ಟಿಗೆ ಉಳಿ ಹಿಡಿಯೋಕೆ ಹೋದರು.

ಇನ್ನೊಂದು ಸಂಗತಿ, ಇದು ನಮ್ಮ ತಾಲ್ಲೂಕುಗಳಿಗೆ ನೇರವಾಗಿ ತಾಗೋದು. ನಮ್ಮ ನೊಗ ಕೆಲಸ ಮಾಡೋದೇ ಹಿಣಿಲು ಇರೋದರಿಂದ. ಡುಬ್ಬ ಇಲ್ಲದಿದ್ದರೆ ನೊಗ ಬೆನ್ನ ಮೇಲೆ ಹಿಂದಕ್ಕೆ ಜಾರಿ ಹೋಗುತ್ತೆ. ಯೂರೋಪಿನ ದನಗಳಿಗೆ ಡುಬ್ಬ ಇಲ್ಲ, ಅದಕ್ಕೆ ಅಲ್ಲಿನವರು ನೊಗವನ್ನು ಕೊಂಬಿಗೆ ಕಟ್ಟಿದರು, ಇಲ್ಲವೇ ಕೊರಳಪಟ್ಟಿ ಮಾಡಿದರು. ಅಮೃತಮಹಲ್ ಎತ್ತಿನ ಮೈಕಟ್ಟು ನಮ್ಮ ನೊಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಹಿಡಿದು ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು, ಫಿರಂಗಿ ಎಳೆಯೋಕೆ ಸಾಕಿದ ತಳಿ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋಯ್ತು. ಖರ್ಚು ಉಳಿಸೋಕೆ ಅಂತ 1860ರಲ್ಲಿ ಹಿಂಡನ್ನೇ ಮಾರಿದರು, ಆಮೇಲೆ ಸೈನ್ಯಕ್ಕೆ ಎತ್ತು ಸಾಲದೆ 1866ರಲ್ಲಿ ಮತ್ತೆ ಹಿಂಡು ಕಟ್ಟಿದರು. ಈ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಭಾಷಣ ಸ್ಪರ್ಧೆಯಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿದೆ.

ಆದರೆ ಇವತ್ತು ಕೊಟ್ಟಿಗೆಯಲ್ಲಿ ಹುಟ್ಟೋದು ಏನು? ಹಾಲಿಗಾಗಿ ಎಚ್ಚೆಫ್, ಜರ್ಸಿ ಮಿಶ್ರತಳಿ. ಅದರ ಗಂಡುಕರುವಿಗೆ ಡುಬ್ಬ ಸಣ್ಣದು, ಕೆಲವಕ್ಕೆ ಇಲ್ಲವೇ ಇಲ್ಲ ಅನ್ನೋ ಹಾಗಿರುತ್ತೆ. ಅದನ್ನು ಹೂಡಿದರೆ ನೊಗ ನಿಲ್ಲಲ್ಲ, ಹೆಗಲು ಬೇಗ ಬಾತುಕೊಳ್ಳುತ್ತೆ. ಆಗ ರೈತ ಹೇಳೋದು “ಈ ಕರ ಉಪಯೋಗಕ್ಕೆ ಬರಲ್ಲ” ಅಂತ. ಉಪಯೋಗಕ್ಕೆ ಬಾರದ್ದು ನೊಗವೇ ಇರಬಹುದಲ್ಲ? ಮಿಶ್ರತಳಿಯ ಕೆಲಸಕ್ಕೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಬಳಸುತ್ತಿದ್ದ ಮೂರು ಮೆತ್ತೆಯ ಕೊರಳಪಟ್ಟಿಯಂಥದು ಸರಿ ಹೋಗಬಹುದು. ಅದರಲ್ಲಿ ಎರಡು ಮೆತ್ತೆ ಭುಜದ ಎರಡೂ ಪಕ್ಕಕ್ಕೆ, ಒಂದು ಮೇಲೆ. ಎಳೆತ ಕತ್ತಿನ ಮೇಲಿನಿಂದ ಭುಜಕ್ಕೆ ಇಳಿಯುತ್ತೆ.

ಹಾಗಾದರೆ ಎಲ್ಲರಿಗೂ ಕೊರಳಪಟ್ಟಿ ಹಂಚಿಬಿಡೋಣ ಅನ್ನೋ ಉತ್ಸಾಹ ನಮಗಿಲ್ಲ. ನಮ್ಮ ಗಾಡಿಯಲ್ಲಿ ನೊಗ ಎಳೆಯೋದು ಮಾತ್ರ ಅಲ್ಲ, ಮೂಕಿಯನ್ನು ಎತ್ತಿ ಹಿಡಿಯುತ್ತೆ, ಇಳಿಜಾರಿನಲ್ಲಿ ಗಾಡಿಯನ್ನು ತಡೆಯುತ್ತೆ. ಕೊರಳಪಟ್ಟಿ ಹಾಕಿದರೆ ತಡೆಯೋಕೆ ಹಿಂದಿನ ತೊಡೆಗೆ ಇನ್ನೊಂದು ಪಟ್ಟಿ ಬೇಕು, ಇಲ್ಲವೇ ಚಕ್ರಕ್ಕೆ ನಂಬುವಂಥ ಬ್ರೇಕು ಬೇಕು. ಹೂಡೋಕೆ ಹೊತ್ತು ಹಿಡಿಯುತ್ತೆ, ನಮ್ಮ ಸೆಕೆಗೆ ಮೆತ್ತೆ ಬೆವರುತ್ತೆ, ಹೊಲಿಯೋಕೆ ಚರ್ಮದ ಕೆಲಸದವರು ಬೇಕು. ನಾಟಿ ಎತ್ತು ಇದ್ದವರು ನೊಗವನ್ನೇ ಸರಿಮಾಡಿಕೊಳ್ಳಲಿ, ಡುಬ್ಬ ಇಲ್ಲದ್ದು ಹೂಡಬೇಕಾದವರು, ಅದೂ ಹೊಲದ ಕೆಲಸಕ್ಕೆ, ಪಟ್ಟಿಯನ್ನು ಪ್ರಯತ್ನಿಸಲಿ. ವೆಸ್ಟರ್ನ್ ಜೀನಿನವರು ಮಾಡಿದ್ದೂ ಅದೇ ತಾನೆ, ಕೆಲಸ ನೋಡಿ ಪಟ್ಟಿ.

ಅಳೆಯದೆ ತೀರ್ಪು ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕಥೆ ಇದೆ. ಲೆಫೆಬ್ರ್ ದ ನೊಯೆತ್ ಅಂತ ಒಬ್ಬ ಫ್ರೆಂಚ್ ಅಶ್ವದಳದ ಅಧಿಕಾರಿ 1910ರಲ್ಲಿ ಪ್ಯಾರಿಸಿನಲ್ಲಿ ಪ್ರಯೋಗ ಮಾಡಿ, ಪುರಾತನ ಕಾಲದ ಕುದುರೆಸಾಜು ಕುದುರೆಯ ಗಂಟಲು ಹಿಸುಕುತ್ತಿತ್ತು, ಅದಕ್ಕೇ ಆ ಕಾಲದವರಿಗೆ ಭಾರ ಎಳೆಸೋಕೆ ಆಗಲಿಲ್ಲ ಅಂತ ಬರೆದ. ದಶಕಗಟ್ಟಲೆ ಇತಿಹಾಸ ಪುಸ್ತಕಗಳು ಅದನ್ನೇ ಹೇಳಿದವು. 1970ರ ದಶಕದಲ್ಲಿ ಸ್ಪ್ರೂಯಿತ್ ಎಂಬ ಇನ್ನೊಬ್ಬ ಫ್ರೆಂಚ್‌ನವನು ಹಳೇ ಚಿತ್ರಗಳಲ್ಲಿದ್ದ ಹಾಗೇ ಸಾಜು ಮಾಡಿ ಕುದುರೆಗೆ ಕಟ್ಟಿ ಓಡಿಸಿ ತೋರಿಸಿದ, ಸರಿಯಾದ ಜಾಗಕ್ಕೆ ಕಟ್ಟಿದರೆ ಗಂಟಲು ಹಿಸುಕಲ್ಲ ಅಂತ. ಪಟ್ಟಿಗಳನ್ನು ಬೇರೆ ಜಾಗಕ್ಕೆ ಕಟ್ಟಿದ್ದೇ ಮೊದಲಿನವನ ಎಡವಟ್ಟು. ನಾಲ್ಕು ಅಂಗುಲದ ವ್ಯತ್ಯಾಸ ನಾಗರಿಕತೆಗಳ ಇತಿಹಾಸವನ್ನೇ ತಪ್ಪಾಗಿ ಬರೆಸಿತು ಅಂದರೆ ಜತ್ತಿಗೆ ಕಟ್ಟುವ ಜಾಗ ಎಷ್ಟು ಮುಖ್ಯ ಯೋಚಿಸಿ.

ನಮ್ಮಲ್ಲೂ ಈ ಬಗ್ಗೆ ತಲೆ ಕೆಡಿಸಿಕೊಂಡವರಿದ್ದಾರೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು, ಅದಕ್ಕಾಗಿ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿದರು. ಮ್ಯಾನೇಜ್‌ಮೆಂಟ್ ಪಾಠ ಹೇಳುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿ ಹಿಂದೆ ಬಿದ್ದಿದ್ದಾರೆ ಅಂತ ಆಗ ನಕ್ಕವರೂ ಇರಬಹುದು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯಲ್ಲೂ ಪ್ರಾಣಿಶಕ್ತಿಯ ಮೇಲೆ, ಸುಧಾರಿತ ನೊಗಗಳ ಮೇಲೆ ಕೆಲಸ ಆಗಿದೆ. ಆದರೆ ನಮ್ಮ ಸಂತೆಯಲ್ಲಿ ಇವತ್ತಿಗೂ ಮಾರಾಟಕ್ಕಿರೋದು ದುಂಡು ನೊಗ, ನೈಲಾನ್ ಹಗ್ಗದ ಜತ್ತಿಗೆ. ನೈಲಾನ್ ಅಗ್ಗ, ಬೇಗ ಸವೆಯಲ್ಲ. ತೆಳ್ಳಗಿದ್ದು ಗಟ್ಟಿ ಇರೋದೇ ಅದರ ಕೆಟ್ಟ ಗುಣ, ಹಗ್ಗ ಉಳಿಯುತ್ತೆ, ಕೊರಳು ಸವೆಯುತ್ತೆ.

“ಟ್ರ್ಯಾಕ್ಟರ್ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು?” ಅಂತ ಕ್ಲಬ್ಬಿನ ಸಭೆಯಲ್ಲೇ ಕೇಳಿದವರಿದ್ದಾರೆ. ಬೇಕಾಗಿರೋದು ಟ್ರ್ಯಾಕ್ಟರ್ ಬಾಡಿಗೆ ಕೊಡೋಕಾಗದವರಿಗೆ. ತರೀಕೆರೆ ಕಡೆ ಅಡಿಕೆ ಸಾಲಿನ ನಡುವೆ, ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಕುಂಟೆ ಹೊಡೆಯೋಕೆ, ಕಡೂರಿನ ತೆಂಗಿನ ತೋಟದಲ್ಲಿ ಇನ್ನೂ ಎತ್ತು ಇದೆ. ಕಡಿಮೆ ಆಗಿದೆ, ನಿಜ. ಒಂದು ಜೊತೆ ಎತ್ತು ಇರುವ ಮನೆಯಲ್ಲಿ ಒಂದು ಎತ್ತಿನ ಹೆಗಲು ಹುಣ್ಣಾದರೆ ಜೊತೆಯೇ ಕೂತಂತೆ, ಅದೂ ಮುಂಗಾರಿನ ಹದ ಬಿದ್ದ ವಾರದಲ್ಲಿ. ಗಾಯ ಇರುವ ಪ್ರಾಣಿಯನ್ನು ದುಡಿಸೋದು 1960ರ ಕಾಯ್ದೆ ಪ್ರಕಾರ ಅಪರಾಧ. ದುಡಿಸದಿದ್ದರೆ ಬಿತ್ತನೆ ಇಲ್ಲ. ಆ ರೈತನ ಮುಂದೆ ಕಾಯ್ದೆ ಓದೋದಕ್ಕಿಂತ ಒಂದು ಸರಿಯಾದ ನೊಗ ಇಡೋದು ಎಂಜಿನಿಯರಿಂಗ್ ಕಾಲೇಜಿನವರಾಗಿ ನಮ್ಮ ಕೈಲಾಗುವ ಕೆಲಸ.

ಹಾಗಾಗಿ ಮೋಟಾರ್ ಗಾಡಿಯ ತಂಡಕ್ಕೆ ನಮ್ಮ ಕೋರಿಕೆ: ಆ ಬಾಣದ ಗುರುತು ಅಳಿಸಿ, ಅಲ್ಲಿ ಒಂದು ಹೆಗಲು ಬರೆಯಿರಿ. ಹಬ್ ಮೋಟಾರ್ ಇಟ್ಟರೆ ಬ್ಯಾಟರಿಯ ತೂಕ ಅಚ್ಚಿನ ಮುಂದೆಯೋ ಹಿಂದೆಯೋ ಅನ್ನೋದು ಜತ್ತಿಗೆಯನ್ನು ಹೇಗೆ ಎಳೆಯುತ್ತೆ ಅಂತ ಮೊದಲು ಲೆಕ್ಕ ಹಾಕಿ. ಬ್ಯಾಟರಿ ಪೆಟ್ಟಿಗೆಯನ್ನು ಹಿಂದೆಮುಂದೆ ಸರಿಸುವ ಹಳಿ ಮೇಲೆ ಇಟ್ಟರೆ ಅದೇ ಮುಂಭಾರ–ಹಿಂಭಾರ ಸರಿಮಾಡುವ ಸಾಧನ ಆಗುತ್ತೆ, ಏರಿಗೆ ಮುಂದೆ, ಇಳಿಜಾರಿಗೆ ಹಿಂದೆ. ಈ ಯೋಚನೆ ನಿಮಗೆ ಪುಕ್ಕಟೆ.

ನಾವು ನಮ್ಮ ಕಡೆಯಿಂದ ಮಾಡಲಿರೋದು ಇಷ್ಟು. ಲ್ಯಾಬಿನಲ್ಲಿ ಎರಡು ಲೋಡ್ ಸೆಲ್ ಕೇಳಿದ್ದೀವಿ, ಒಂದು ನೊಗ ಮತ್ತು ಮೂಕಿ ಸೇರುವ ಮಿಣಿಯ ಜಾಗಕ್ಕೆ, ಇನ್ನೊಂದು ಜತ್ತಿಗೆಗೆ. ಹೆಗಲಿನ ಆಕಾರ ತೆಗೆಯೋಕೆ ಸ್ಕ್ಯಾನರ್ ಬೇಡ, ಮಣ್ಣಿನ ಅಚ್ಚು ಸಾಕು ಅಂತ ಆಚಾರ್ರು ಹೇಳಿದ್ದಾರೆ, ಅದನ್ನೇ ನಂಬಿದ್ದೀವಿ. ಮೊದಲು ಮನೆಯ ಎತ್ತುಗಳ ಮೇಲೆ, ಯಜಮಾನರು ಜೊತೆಗಿದ್ದಾಗ ಮಾತ್ರ, ಖಾಲಿ ಗಾಡಿಯಲ್ಲಿ. ಮುಂದಿನ ಜಾತ್ರೆಗೆ ಅಂತರಘಟ್ಟೆಯಲ್ಲಿ ಗಾಡಿ ಬಿಡುವ ಜಾಗದಲ್ಲಿ ನಿಂತು, ಒಪ್ಪಿದವರ ಎತ್ತುಗಳ ಹೆಗಲು, ಜತ್ತಿಗೆಯ ಅಗಲ, ನೊಗದ ಅಡಿ ಅಳೆದು ಬರೆದುಕೊಳ್ಳೋದು. ಹಿಡಿದು ಅಳೆಯೋಕೆ ಎತ್ತಿನ ಹತ್ತಿರ ಹೋಗಿ ಅಭ್ಯಾಸ ಇರೋರು ಬೇಕು. ಕೊಂಬು ಕಂಡರೆ ಓಡೋರು ಪುಸ್ತಕದಲ್ಲಿ ಬರೆದುಕೊಳ್ಳೋ ಕೆಲಸ ಮಾಡಬಹುದು. ಹೆಸರು ಕೊಡೋರು ಸಂಘದ ಕೋಣೆಯ ಬಾಗಿಲಿಗೆ ಅಂಟಿಸಿರೋ ಹಾಳೆಯಲ್ಲಿ ಬರೆಯಿರಿ. ಇದುವರೆಗೆ ಏಳು ಹೆಸರು ಬಂದಿವೆ, ಅದರಲ್ಲಿ ಆರು ಮಂದಿ ಪುಸ್ತಕದವರು.